ಬಯಲಲ್ಲಿ ಒಲೆ ಹೂಡಿದವರು ಅನುಭವ ಹೇಳಿ

ದಾವಣಗೆರೆಯಿಂದ, ಕೇಳುತ್ತಿರುವವಳು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಒಂದು ಟೆಂಟ್ ತಂದಿದ್ದಾನೆ. ತಂದ ದಿನದಿಂದ ಮನೆಯಲ್ಲಿ ಅದೇ ಮಾತು. ಮಕ್ಕಳಿಬ್ಬರೂ (12 ಮತ್ತು 9 ವರ್ಷ) ಅದನ್ನು ಹಾಲ್‌ನಲ್ಲೇ ಬಿಚ್ಚಿ ಎರಡು ರಾತ್ರಿ ಅದರೊಳಗೆ ಮಲಗಿದ್ದೂ ಆಯಿತು. ಡಿಸೆಂಬರ್ ಮಧ್ಯದಲ್ಲಿ ಎರಡು ರಾತ್ರಿ ಚಿತ್ರದುರ್ಗದ ಕಡೆ ಯಾವುದಾದರೂ ಗುಡ್ಡದ ಬುಡದಲ್ಲಿ ಉಳಿದು, ಕಟ್ಟಿಗೆ ಒಲೆಯಲ್ಲೇ ಅಡುಗೆ ಮಾಡಿಕೊಂಡು ಉಣ್ಣಬೇಕು ಅನ್ನೋ ಆಸೆ. ಒಟ್ಟು ಐದು ಜನ.

ಅಳುಕು ಏನಂದರೆ, ಹೋದ ತಿಂಗಳು ನೆಂಟರ ಹೊಲದಲ್ಲಿ ಒಂದು ಸಲ ಮಾಡಲು ಹೋಗಿ ಮಾನ ಕಳೆದುಕೊಂಡೆವು. ಬೆಂಕಿಪೊಟ್ಟಣ ಮುಕ್ಕಾಲು ಖಾಲಿ. ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಅನ್ನ ತಳ ಹಿಡಿದು ಸೀದಿತ್ತು, ಮೇಲೆ ನೋಡಿದರೆ ಅಕ್ಕಿ ಅಕ್ಕಿಯಾಗಿಯೇ ಇತ್ತು. ಕೊನೆಗೆ ರಾತ್ರಿ ಹತ್ತು ಗಂಟೆಗೆ ನಮ್ಮ ಮನೆಯವರು ಬೈಕ್ ತೆಗೆದು ಪರೋಟ ಕಟ್ಟಿಸಿಕೊಂಡು ಬಂದರು. ನಮ್ಮಜ್ಜಿ ಆರು ಮಕ್ಕಳಿಗೆ ಮೂರು ಕಲ್ಲಿನ ಮೇಲೆ ಬೇಯಿಸಿ ಹಾಕಿದಾಕೆ. ನನ್ನ ಕೈಲಿ ಐದು ಜನಕ್ಕೆ ಅನ್ನ ಆಗಲಿಲ್ಲ.

ಮಾಡಿ ಗೊತ್ತಿರುವವರು ಹೇಳಿ. ಎಲ್ಲಿ ಉಳಿಯಬಹುದು? ಬೆಂಕಿ ಹಿಡಿತಕ್ಕೆ ಬರೋದು ಹೇಗೆ? ಯಾವ ಅಡುಗೆ ಸಲೀಸು? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಹಿರಿಯೂರಿನ ನಿವೃತ್ತ ಮೇಷ್ಟ್ರು

ತಂಗೀ, ನಿಮ್ಮ ಅನ್ನ ಕೆಟ್ಟದ್ದು ಅವಸರದಿಂದ. ಉರಿ ಕಂಡ ಕೂಡಲೇ ಪಾತ್ರೆ ಇಟ್ಟಿರುತ್ತೀರಿ. ನಾನೂ ಮೂವತ್ತು ವರ್ಷದ ಹಿಂದೆ ಅದನ್ನೇ ಮಾಡಿದವನು. ಉರಿ ಇರುವುದು ನೋಡುವುದಕ್ಕೆ, ನೀರು ಕಾಯಿಸುವುದಕ್ಕೆ. ಅಡುಗೆ ಆಗುವುದು ಕೆಂಡದಲ್ಲಿ.

ಕಟ್ಟಿಗೆ ಕಾದಾಗ ಮೊದಲು ಅದರೊಳಗಿನ ನೀರು ಹೋಗಬೇಕು. ಆಮೇಲೆ ಅದು ಅನಿಲ ಬಿಡುತ್ತದೆ, ಆ ಅನಿಲ ಹೊತ್ತಿಕೊಂಡಾಗ ಕಾಣುವುದೇ ಉರಿ. ಅದೂ ಮುಗಿದ ಮೇಲೆ ಉಳಿಯುವ ಇದ್ದಿಲು ಸದ್ದಿಲ್ಲದೆ ಒಂದೇ ಸಮನೆ ಕಾವು ಕೊಡುತ್ತದೆ. ಹಸಿ ಕಟ್ಟಿಗೆಯಾದರೆ ಕಾವೆಲ್ಲ ಅದರ ನೀರು ಆರಿಸುವುದರಲ್ಲೇ ಹೋಗಿ, ನಿಮ್ಮ ಪಾಲಿಗೆ ಹೊಗೆ ಉಳಿಯುತ್ತದೆ. ಕಡ್ಡಿ ಮುರಿದು ನೋಡಿ, ಟಕ್ ಅನ್ನಬೇಕು. ಬಾಗಿದರೆ ಅಲ್ಲೇ ಬಿಟ್ಟುಬಿಡಿ.

ನಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿಗೆ ಶಾಪ ಹಾಕದವರಿಲ್ಲ. ಹೊಲ, ಗೋಮಾಳ, ಕೆರೆಯಂಗಳ ಎಲ್ಲ ನುಂಗಿದ ಗಿಡ. ಆದರೆ ಒಲೆಗೆ ಅದರಂಥ ಕಟ್ಟಿಗೆ ನಾನು ಕಂಡಿಲ್ಲ. ಮಣಿಕಟ್ಟಿನ ಗಾತ್ರದ ಒಣ ತುಂಡು ನಾಲ್ಕು ಉರಿದರೆ ಒಂದು ಹೊತ್ತಿನ ಅಡುಗೆಗಾಗುವ ಕೆಂಡ ಬೀಳುತ್ತದೆ. ಮುಳ್ಳು ಮಾತ್ರ ಹುಷಾರು, ಚಪ್ಪಲಿ ತೂರಿ ಬರುತ್ತದೆ. ಹೊತ್ತಿಸಲು ತೆಂಗಿನ ನಾರು, ಒಣ ಸೋಗೆ, ಅದರ ಮೇಲೆ ಕಿರುಬೆರಳಿನ ಕಡ್ಡಿ, ಆಮೇಲೆ ಹೆಬ್ಬೆರಳಿನದ್ದು, ಕೊನೆಗೆ ದಪ್ಪನೆಯದು. ದಾವಣಗೆರೆಯವರಾದ ನಿಮಗೆ ಮೆಕ್ಕೆಜೋಳದ ದಿಂಡಿಗೆ ಬರವಿಲ್ಲ. ಕಾಳು ಬಿಡಿಸಿದ ಒಣ ದಿಂಡು ಒಂದು ಚೀಲ ಕಾರಿನಲ್ಲಿ ಹಾಕಿಕೊಂಡು ಹೋಗಿ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರ ತರಬೇಡಿ.

ಕಲ್ಲಿನ ವಿಷಯ. ಹಳ್ಳದಲ್ಲಿ, ನೀರಿನ ದಂಡೆಯಲ್ಲಿ ಬಿದ್ದಿರುವ ಕಲ್ಲು ಒಲೆಗೆ ಬೇಡ. ಬಿರುಕಿನೊಳಗೆ ನೀರು ಕುಡಿದಿರುತ್ತದೆ, ಕಾದಾಗ ಅದು ಹಬೆಯಾಗಿ ಕಲ್ಲು ಪಟಾಕಿಯಂತೆ ಸಿಡಿಯುತ್ತದೆ. ನನ್ನ ಗೆಳೆಯನ ಹುಬ್ಬಿನ ಮೇಲೆ ಇನ್ನೂ ಗುರುತಿದೆ. ಹೊಲದ ಬದುವಿನ ಒಣ ಕಲ್ಲು ತನ್ನಿ, ಎತ್ತುವ ಮುನ್ನ ಕೋಲಿನಿಂದ ಹೊರಳಿಸಿ. ಅಡಿಯಲ್ಲಿ ಚೇಳು ಕೂತಿರುವುದು ಇಲ್ಲಿ ದೊಡ್ಡ ಸುದ್ದಿಯೇನಲ್ಲ.

ಇನ್ನು ಗಾಳಿ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಡಿಸೆಂಬರಿನಲ್ಲಿ ಬೀಸುವುದು ಮೂಡಗಾಳಿ. ಒಂದು ಗೇಣು ಆಳ ಗುಂಡಿ ತೋಡಿ ಅದರ ಸುತ್ತ ಮೂರು ಕಲ್ಲು ಹೂಡಿ. ಒಲೆಯ ಬಾಯಿ ಗಾಳಿಗೆ ನೇರ ಎದುರಾಗದೆ ಸ್ವಲ್ಪ ಓರೆಯಾಗಿರಲಿ. ನೇರ ಎದುರಾದರೆ ಕಟ್ಟಿಗೆ ಬರಬರನೆ ಉರಿದು ಮುಗಿಯುತ್ತದೆ, ಕಿಡಿಯೂ ಹಾರುತ್ತದೆ. ಆ ತಿಂಗಳಲ್ಲಿ ಹೊತ್ತು ಮುಳುಗುವುದು ಆರು ಗಂಟೆಗೆ. ನಾಲ್ಕೂವರೆಗೇ ಬೆಂಕಿ ಹಾಕಿ. ಕತ್ತಲಲ್ಲಿ ಕಟ್ಟಿಗೆ ಹುಡುಕುವ ಕರ್ಮ ಯಾರಿಗೂ ಬೇಡ.

ಹಳೆಯ ನೆನಪೊಂದು ಹೇಳಿಬಿಡುತ್ತೇನೆ. ವಾಣಿವಿಲಾಸ ಸಾಗರದ ಹಿನ್ನೀರಿಗೆ ಹತ್ತಿಕೊಂಡಂತೆ ನಮ್ಮ ಬೀಗರ ಹೊಲ. ನೀರು ಹಿಂದೆ ಸರಿದಿದ್ದ ವರ್ಷಗಳಲ್ಲಿ ಇನ್ನಷ್ಟು ಕೆಳಗಿಳಿದು, ಒಂದು ಬಂಡೆಯ ಮರೆಯಲ್ಲಿ ಒಲೆ ಹೂಡುತ್ತಿದ್ದೆವು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು ಅಂತ ಹಿರಿಯರು ಹೇಳುತ್ತಿದ್ದರು. ನಮ್ಮ ಕಾಲದಲ್ಲಿ ಬೀಳುತ್ತದೆ ಅಂತ ಯಾರೂ ನಂಬಿರಲಿಲ್ಲ. 2022ರಲ್ಲಿ ಬಿತ್ತು. ಇಪ್ಪತ್ತು ವರ್ಷ ನಾವು ಮುದ್ದೆ ತಿರುವಿದ ಆ ಮೂರು ಕಲ್ಲು ಈಗ ಮೀನಿನ ಪಾಲು. ನೀರು ಬಂತೆಂದು ಊರೆಲ್ಲ ಕುಣಿಯಿತು, ನಾನೂ ಕುಣಿದೆ. ಆದರೂ ಆ ಬಂಡೆ ನೆನಪಾಗುತ್ತದೆ.

ಜಗಳೂರು ಕಡೆಯವ

ಮೇಷ್ಟ್ರು ಹೇಳಿದ್ದು ಸರಿ ಐತ್ರಿ. ಅಕ್ಕಾರೆ, ಮೊದಲ ದಿನ ಸಂಜಿಗೆ ಅಡಿಗಿ ಗೋಜಿಗೇ ಹೋಗಬ್ಯಾಡ್ರಿ. ಟೆಂಟ್ ಕಟ್ಟೋದ್ರಾಗ ಅರ್ಧ ಜೀವ ಹೋಗಿರ್ತತಿ. ಮನಿಯಿಂದ ರೊಟ್ಟಿ, ಬುತ್ತಿ ಕಟ್ಟಿಕೊಂಡು ಹೋಗ್ರಿ. ಬೆಂಕಿ ಬರೇ ಸುಟ್ಟು ತಿನ್ನಾಕ ಇಟ್ಕೊಳ್ರಿ.

ಒಣ ಶೇಂಗಾ ಕಾಯಿ ಕೆಂಡದ ಬೂದ್ಯಾಗ ಹಾಕಿ ಕಡ್ಡೀಲಿ ಆಡಿಸ್ತಾ ಇರ್ರಿ, ಐದು ನಿಮಿಷಕ್ಕ ವಾಸನೆ ಬರ್ತತಿ, ತೆಗೀರಿ. ಗೆಣಸು ಹೂತು ಹಾಕಿದ್ರ ಮುಕ್ಕಾಲು ತಾಸು ಬೇಕು, ಮರೆತುಬಿಡ್ರಿ ಅದನ್ನ, ತಾನೇ ಆಗ್ತತಿ. ಡಿಸೆಂಬರ್‌ನಾಗ ಹಸಿ ತೊಗರಿಕಾಯಿ ಸಿಗ್ತಾವು, ಉಪ್ಪು ನೀರಾಗ ಕುದಿಸಿ ಮಕ್ಕಳ ಮುಂದ ಇಟ್ರ ಮೊಬೈಲ್ ಕೇಳಂಗಿಲ್ಲ. ಜೋಳದ ಸೀತನಿ ತಿನ್ನಬೇಕು ಅಂದ್ರ ಒಂದು ತಿಂಗಳು ತಡೀರಿ. ತೆನಿ ಹಾಲುಗಾಳು ಗಟ್ಟಿ ಆಗೋ ಹೊತ್ತಿಗೆ ಕೆಂಡದ ಮ್ಯಾಲೆ ಸುಟ್ಟು, ಬಿಸಿ ಇದ್ದಾಗಲೇ ಉಜ್ಜಿ, ಊದಿ, ಬೆಲ್ಲ ಶೇಂಗಾ ಪುಡಿ ಕಲಿಸಿಕೊಂಡು ತಿಂದ್ರ ಆಮೇಲೆ ಬ್ಯಾರೇದು ಯಾವುದೂ ರುಚಿಸಂಗಿಲ್ಲ.

ನಮ್ಮ ಹೊಲದಾಗ ಕುರಿಮಂದಿ ಕೂಡ್ರಿಸಿದಾಗ ಕುರಿ ಕಾಯೋ ಅಜ್ಜಾರ ಜೊತಿ ಮಲಗಿದ್ದೆ. ಅವರ ಹತ್ರ ಇದ್ದದ್ದು ಒಂದು ಬೋಗಾಣಿ, ಒಂದು ಕಂಬಳಿ, ಒಂದು ಕೋಲು. ರಾತ್ರಿ ಉಂಡಾದ ಮ್ಯಾಲೆ ಕೆಂಡನೆಲ್ಲಾ ಒಂದು ಕಡೆ ಗುಡ್ಡಿ ಮಾಡಿ ಬೂದಿ ಮುಚ್ಚಿದ್ರು. ನಸುಕಿನ್ಯಾಗ ಬೂದಿ ಸರಿಸಿ ಎರಡು ಸಲ ಊದಿದ್ರು ನೋಡ್ರಿ, ಕಡ್ಡಿ ಗೀರದೇ ಚಾ ಆತು. ಬೆಲ್ಲದ ಚಾ, ಹೊಗಿ ವಾಸನಿ. ಅಷ್ಟು ಚಲೋ ಚಾ ನಾನು ಮತ್ತ ಕುಡಿದಿಲ್ಲ.

ಚಿತ್ರದುರ್ಗದಿಂದ

ಜಾಗದ ಬಗ್ಗೆ ನಾನು ಹೇಳುತ್ತೇನೆ. ಇದನ್ನು ಸ್ವಲ್ಪ ಖಡಕ್ಕಾಗಿಯೇ ಹೇಳಬೇಕು.

ದುರ್ಗ ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಜೋಗಿಮಟ್ಟಿ. ಅದು ವನ್ಯಧಾಮ. ಕರಡಿ ಇದೆ, ಚಿರತೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ವನ್ಯಧಾಮದೊಳಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ, ಉರಿಯುವ ಬೆಂಕಿ ಬಿಟ್ಟು ಬರುವುದನ್ನೂ ನಿಷೇಧಿಸಿದೆ. ಒಳಗೆ ಹೋಗುವುದಕ್ಕೇ ಅನುಮತಿ ಬೇಕು, ಟೆಂಟ್ ಹಾಕುವ ಮಾತು ದೂರ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವೂ ಹಾಗೆಯೇ, ಕೊಂಡುಕುರಿಗಾಗಿ ಇರುವ ವನ್ಯಧಾಮ. ಕೋಟೆ, ಚಂದ್ರವಳ್ಳಿ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಮಯೂರಶರ್ಮನ ಶಾಸನ ಇದೆ, ಕೆರೆಯ ವಿಷಯ ಬರೆಸಿದ್ದು. ಅಂಥ ಜಾಗದ ಬಂಡೆಗೆ ಮಸಿ ಹತ್ತಿಸಿ, ಪಕ್ಕದಲ್ಲಿ ಹುಡುಗಿ ಹೆಸರು ಕೆತ್ತಿ ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಾಲೇಜಿನಲ್ಲಿದ್ದಾಗ ನಾವೂ ಮಂಗನಾಟ ಆಡಿದ್ದೇವೆ. ಮಾರ್ಚ್ ತಿಂಗಳು, ಗುಡ್ಡದ ಮೇಲೆ ಮೊಣಕಾಲುದ್ದ ಒಣ ಹುಲ್ಲು, ನಡುವೆ ಕೋಳಿ ಸುಡಲು ಬೆಂಕಿ. ಗಾಳಿ ಒಂದು ಸಲ ತಿರುಗಿತು, ಅಷ್ಟೇ. ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿದು ಬಡಿದು ಆರಿಸುವ ಹೊತ್ತಿಗೆ ಎರಡು ಅಂಕಣ ಜಾಗ ಕರಕಲು. ಇನ್ನೊಂದು ಹತ್ತು ನಿಮಿಷ ಆಗಿದ್ದರೆ ಗುಡ್ಡವೇ ಹೋಗುತ್ತಿತ್ತು. 2019ರಲ್ಲಿ ಬಂಡೀಪುರ ಹತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡುವಾಗ ನನಗೆ ಆ ಹುಲ್ಲಿನ ವಾಸನೆಯೇ ಮೂಗಿಗೆ ಬಂತು. ಆಮೇಲೆ ಕಾಡಲ್ಲಿ ಬೆಂಕಿ ಹಾಕಿಲ್ಲ.

ಹಾಗಾದರೆ ಎಲ್ಲಿ? ಯಾರಾದರೂ ಪರಿಚಯದವರ ಹೊಲ, ತೋಟ. ಹೊಳಲ್ಕೆರೆ, ಹೊಸದುರ್ಗ ಕಡೆ ಗುಡ್ಡದ ಬುಡದಲ್ಲೇ ಹೊಲಗಳಿವೆ. ಕೊಯ್ಲಾದ ಹೊಲ ಆಗಬೇಕು, ಬಣವೆಯಿಂದ ದೂರ ಇರಬೇಕು. ಹೊಲದವರನ್ನು ಮೊದಲೇ ಕೇಳಿ, ಹೋಗುವಾಗ ಒಂದು ಕೆಜಿ ಸಿಹಿ ಒಯ್ಯಿರಿ, ರಾತ್ರಿ ಊಟಕ್ಕೆ ಅವರನ್ನೂ ಕರೆಯಿರಿ. ಅವರು ಬಂದು ನಿಮ್ಮ ಒಲೆ ನೋಡಿ ನಕ್ಕು, ಕಲ್ಲು ಸರಿಮಾಡಿಕೊಟ್ಟು ಹೋಗುತ್ತಾರೆ. ನನಗೆ ಬೆಂಕಿ ಹಾಕುವುದು ಬಂದಿದ್ದೇ ಹಾಗೆ.

ಜಗಳೂರಿನ ಅಣ್ಣಾ, ಬೂದಿ ಮುಚ್ಚಿ ಕೆಂಡ ಉಳಿಸುವುದು ಕುರಿ ಕಾಯುವವರಿಗೆ ಸರಿ, ಅವರು ರಾತ್ರಿಯೆಲ್ಲ ಅರೆನಿದ್ದೆಯಲ್ಲೇ ಇರುತ್ತಾರೆ. ಟೆಂಟ್ ಜಿಪ್ ಎಳೆದು ಗೊರಕೆ ಹೊಡೆಯುವ ನಮಗಲ್ಲ. ಮಲಗುವ ಮುನ್ನ ಒಂದು ಬಕೆಟ್ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಅಂಗೈ ಹಿಂಭಾಗ ಹತ್ತಿರ ಹಿಡಿದು ಕಾವಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬರೀ ಮಣ್ಣು ಮುಚ್ಚಿದರೆ ಆರಿದ ಹಾಗೆ ಕಾಣುತ್ತದೆ, ಒಳಗೆ ಬೇರು ಹಿಡಿದು ಉರಿಯುತ್ತಲೇ ಇರುತ್ತದೆ.

ಜಗಳೂರು ಕಡೆಯವ

ಒಪ್ಪಿದೆ ಅಣ್ಣ. ಅಜ್ಜಾರು ಮಲಗಿದ್ದನ್ನ ನಾನೂ ನೋಡಿಲ್ಲ.

ಚನ್ನಗಿರಿಯ ಅಡಿಕೆ ತೋಟದಿಂದ

ಅಡುಗೆ ವಿಷಯಕ್ಕೆ ಯಾರೂ ಬರುತ್ತಿಲ್ಲವಲ್ಲ ಅಂತ ಕಾಯುತ್ತಿದ್ದೆ.

ನೋಡಿ ತಂಗಿ, ಮೊದಲು ಪಾತ್ರೆ. ಬೋಗುಣಿಯ ಹೊರಗಡೆ ತಳಕ್ಕೆ, ಅರ್ಧದವರೆಗೆ, ಮಣ್ಣು ಕಲಸಿ ತೆಳ್ಳಗೆ ಬಳಿಯಿರಿ. ಮಸಿಯೆಲ್ಲ ಮಣ್ಣಿಗೇ ಹತ್ತಿಕೊಳ್ಳುತ್ತದೆ, ಆಮೇಲೆ ನೀರು ಹೊಯ್ದರೆ ಸಿಪ್ಪೆ ಬಿಟ್ಟ ಹಾಗೆ ಬರುತ್ತದೆ. ಇದನ್ನು ಮರೆತು ನಮ್ಮತ್ತೆಯ ಹಿಂಡಾಲಿಯಂ ತಪ್ಪಲೆಯನ್ನು ಎರಡು ದಿನ ಉಜ್ಜಿದ್ದೇನೆ. ಪ್ಲಾಸ್ಟಿಕ್ ಹಿಡಿ ಇರುವ ಬಾಣಲೆ, ಕುಕ್ಕರ್ ಎರಡೂ ಮನೆಯಲ್ಲೇ ಇರಲಿ. ಊದುಗೊಳವೆ, ಇಕ್ಕಳ, ಉದ್ದ ಹಿಡಿಯ ಸೌಟು ಮರೆಯಬೇಡಿ. ತಟ್ಟೆಗೆ ಅಡಿಕೆ ಹಾಳೆ, ತೊಳೆಯುವ ಕೆಲಸವಿಲ್ಲ.

ನಿಮ್ಮ ಅನ್ನದ ಕಥೆಗೆ ಬರುತ್ತೇನೆ. ಅಕ್ಕಿ ಅರ್ಧ ಗಂಟೆ ನೆನೆಹಾಕಿ. ನೀರು ಕುದಿಯುವವರೆಗೆ ಮಾತ್ರ ಉರಿ. ಅಕ್ಕಿ ಹಾಕಿ, ನೀರು ಇಂಗಿ ಮೇಲೆ ತೂತು ತೂತು ಕಾಣಿಸಿದಾಗ ಉರಿಯುವ ಕೊಳ್ಳಿಗಳನ್ನೆಲ್ಲ ಹೊರಗೆಳೆದು, ಒಲೆಯಲ್ಲಿ ತೆಳ್ಳಗೆ ಕೆಂಡ ಮಾತ್ರ ಉಳಿಸಿ. ಮುಚ್ಚಳ ಮುಚ್ಚಿ ಅದರ ಮೇಲೆ ನಾಲ್ಕು ಕೆಂಡ ಇಡಿ. ಹತ್ತು ನಿಮಿಷ ತೆರೆದು ನೋಡಬೇಡಿ. ಕೆಳಗೆ ಮೇಲೆ ಎರಡೂ ಕಡೆ ಕಾವಿದ್ದರೆ ಸೀಯುವುದೂ ಇಲ್ಲ, ಅಕ್ಕಿ ಉಳಿಯುವುದೂ ಇಲ್ಲ.

ನನಗೆ ಬಯಲ ಅಡುಗೆ ಅಂದರೆ ಸುಟ್ಟ ಬದನೆಕಾಯಿ. ಗುಂಡು ಬದನೆಕಾಯಿಗೆ ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ, ಇಲ್ಲದಿದ್ದರೆ ಟುಸ್ ಅಂತ ಒಡೆದು ಮುಖಕ್ಕೆ ಹಾರುತ್ತದೆ. ಚುಚ್ಚಿದ ಜಾಗಕ್ಕೆ ಒಂದೊಂದು ಎಸಳು ಬೆಳ್ಳುಳ್ಳಿ ತುರುಕಿ. ಕೆಂಡದ ಮೇಲೆ ನೇರ ಇಟ್ಟು ಹೊರಳಿಸುತ್ತಾ ಇರಿ. ಸಿಪ್ಪೆ ಪೂರ್ತಿ ಕಪ್ಪಾಗಿ, ಕಾಯಿ ತನ್ನಷ್ಟಕ್ಕೆ ಕುಸಿದಾಗ ತೆಗೆದು ಸ್ವಲ್ಪ ಹೊತ್ತು ಮುಚ್ಚಿಡಿ. ಅದೇ ಕೆಂಡಕ್ಕೆ ನಾಲ್ಕು ಹಸಿಮೆಣಸಿನಕಾಯಿ, ಒಂದು ಟೊಮೆಟೊ. ಸಿಪ್ಪೆ ಸುಲಿದು ಎಲ್ಲ ಕೈಯಲ್ಲೇ ಕಿವುಚಿ, ಹಸಿ ಈರುಳ್ಳಿ, ಕಲ್ಲುಪ್ಪು, ಮೇಲೆ ಹಸಿ ಶೇಂಗಾ ಎಣ್ಣೆ. ಖಡಕ್ ಜೋಳದ ರೊಟ್ಟಿ ಹದಿನೈದು ದಿನ ಇಟ್ಟರೂ ಕೆಡುವುದಿಲ್ಲ, ಅದನ್ನು ಮನೆಯಿಂದಲೇ ತನ್ನಿ. ಮನೆಯ ಗ್ಯಾಸಿನ ಮೇಲೆ ಸುಟ್ಟರೆ ಇದರ ಅರ್ಧ ರುಚಿಯೂ ಇಲ್ಲ, ಯಾಕೆಂದರೆ ಇದರಲ್ಲಿ ಮಸಾಲೆಯೇ ಹೊಗೆ.

ಮೀನು ತಿನ್ನುವವರಾದರೆ, ಸೂಳೆಕೆರೆ ಕಡೆಯಿಂದ ಬರುವ ಕೆರೆಮೀನಿಗೆ ಖಾರ, ಹುಣಸೆ, ಅರಿಶಿನ ಹಚ್ಚಿ, ಬಾಳೆಲೆ ಬಾಡಿಸಿ ಎರಡು ಸುತ್ತು ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿ ಕೆಂಡದ ಅಂಚಿಗೆ ಇಡಿ. ಹೊರಗಿನ ಎಲೆ ಸುಟ್ಟು ಒಳಗಿನದು ಉಳಿದಿರುವಾಗ ಮೀನು ಬೆಂದಿರುತ್ತದೆ. ತಿಂದ ಮೇಲೆ ಮುಳ್ಳನ್ನು ಟೆಂಟಿನ ಹತ್ತಿರ ಎಸೆಯಬೇಡಿ, ನಾಯಿ ನರಿ ಬರುತ್ತವೆ.

ಮಕ್ಕಳು ಕಡ್ಡಿಗೆ ಸಿಕ್ಕಿಸಿ ಸುಡಲು ಹೊರಡುತ್ತಾರೆ. ಹೆದ್ದಾರಿ ನಡುವೆ ಸಾಲಾಗಿ ಹೂ ಬಿಟ್ಟಿರುವ ಕಣಗಿಲೆಯ ಕಡ್ಡಿ ಮಾತ್ರ ಕೊಡಬೇಡಿ, ಒಲೆಗೂ ಹಾಕಬೇಡಿ. ಪೂರ್ತಿ ವಿಷದ ಗಿಡ ಅದು.

ದಾವಣಗೆರೆ, ಹಳೇ ಊರಿನವ

ನನ್ನದೊಂದು ಸೋಲಿನ ಕಥೆ ಕೇಳಿ. ದಾವಣಗೆರೆಯವರು ಬಯಲಿಗೆ ಹೋದಮೇಲೆ ಬೆಣ್ಣೆ ದೋಸೆ ಆಗದಿದ್ದರೆ ಹೇಗೆ ಅಂತ ಗೆಳೆಯರ ಮುಂದೆ ಬಾಯಿ ಬಿಟ್ಟೆ. ಹೋಟೆಲಿನವರೂ ಕಟ್ಟಿಗೆ ಒಲೆಯಲ್ಲೇ ಹುಯ್ಯುತ್ತಾರಲ್ಲ, ನಮಗೇನು ಕಷ್ಟ ಅಂತ ಲೆಕ್ಕ. ಮನೆಯ ತೆಳು ತವಾ ಒಯ್ದೆ. ನಡುವೆ ಹುಯ್ದ ದೋಸೆ ಇದ್ದಿಲು, ಅಂಚಿನಲ್ಲಿ ಹಿಟ್ಟು ಹಿಟ್ಟು. ಹೋಟೆಲಿನ ಹೆಂಚು ಎರಡು ಬೆರಳು ದಪ್ಪ, ಬೆಳಗಿನ ಜಾವದಿಂದ ಕಾದು ಕೂತಿರುತ್ತದೆ, ಎಲ್ಲ ಕಡೆ ಒಂದೇ ಕಾವು. ನಮ್ಮ ತವಾ ಗಾಳಿ ಬೀಸಿದಂತೆಲ್ಲ ಬಣ್ಣ ಬದಲಿಸುತ್ತಿತ್ತು. ಅರ್ಧ ಕೆಜಿ ಬೆಣ್ಣೆ ಬೆಂಕಿಗೆ ಬಿತ್ತು, ಯಜ್ಞ ಮಾಡಿದ ಹಾಗೆ. ಗೆಳೆಯರು ಇವತ್ತಿಗೂ ನನ್ನನ್ನು ಪುರೋಹಿತರೇ ಅಂತಾರೆ.

ಆ ದಿನ ನಮ್ಮ ಮಾನ ಉಳಿಸಿದ್ದು ಮಂಡಕ್ಕಿ. ಅಕ್ಕಾ, ಎರಡು ಲೀಟರ್ ಡಬ್ಬಿ ತುಂಬ ಖಾರ ಮಂಡಕ್ಕಿ ಜೊತೆಗಿರಲಿ. ಮೇಷ್ಟ್ರು ಕೆಂಡ ಆಗುವವರೆಗೆ ಕಾಯಿರಿ ಅಂದರಲ್ಲ, ಹೊಟ್ಟೆ ಹಸಿದವನು ಹೇಗೆ ಕಾಯುತ್ತಾನೆ? ಮಕ್ಕಳು ಅಮ್ಮಾ ಹಸಿವು ಅಂದ ಕೂಡಲೇ ನಾವು ಉರಿಯ ಮೇಲೇ ಪಾತ್ರೆ ಇಡುತ್ತೇವೆ. ಕೈಯಲ್ಲಿ ಮಂಡಕ್ಕಿ ಇದ್ದರೆ ಒಂದು ಗಂಟೆ ಆರಾಮಾಗಿ ಕಾಯಬಹುದು.

ಹರಿಹರದಿಂದ

ಇಷ್ಟೆಲ್ಲ ಯಾಕೆ? ಚಿಕ್ಕ ಗ್ಯಾಸ್ ಸ್ಟೌವ್ ಒಯ್ದರೆ ಹತ್ತು ನಿಮಿಷದಲ್ಲಿ ಮ್ಯಾಗಿ. ಕಟ್ಟಿಗೆ ಇಲ್ಲ, ಹೊಗೆ ಇಲ್ಲ, ಕಾಡಿಗೂ ತೊಂದರೆ ಇಲ್ಲ.

ಚನ್ನಗಿರಿಯ ಅಡಿಕೆ ತೋಟದಿಂದ

ಸ್ಟೌವ್ ಒಯ್ಯಿರಿ, ಬೇಡ ಅನ್ನುವುದಿಲ್ಲ. ಮಳೆ ಬಂದರೆ, ಬೆಳಿಗ್ಗೆ ಬೇಗ ಹೊರಡಬೇಕಾದರೆ ಅದೇ ಗತಿ. ಆದರೆ ಗ್ಯಾಸ್ ಸ್ಟೌವ್ ಸುತ್ತ ಕೂತು ಯಾರಾದರೂ ಕಥೆ ಹೇಳಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಮಾವನವರು ಮನೆಯಲ್ಲಿ ಎರಡು ಮಾತು ಆಡುವವರಲ್ಲ. ತೋಟದಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತರೆ ತಮ್ಮ ಮದುವೆಯ ಜಗಳದ ತನಕ ಹೇಳುತ್ತಾರೆ.

ಹೊಸದುರ್ಗದಿಂದ, ಆಸ್ಪತ್ರೆ ನರ್ಸ್

ನನ್ನ ಕಡೆಯಿಂದ ಹೆದರಿಕೆಯ ಪಟ್ಟಿ. ನೀವು ಕೇಳಿದ್ದರಿಂದ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡದು: ಚಳಿ ಅಂತ ಕೆಂಡದ ಬಾಣಲೆಯನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗಬೇಡಿ. ಉರಿ ಇಲ್ಲ, ಹೊಗೆ ಇಲ್ಲ, ಏನಾಗುತ್ತದೆ ಅನಿಸುತ್ತದೆ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಏಳುವುದೇ ಇಲ್ಲ. ನಮ್ಮ ಕಡೆ ಡಿಸೆಂಬರ್ ಚಳಿಗೆ ಎರಡು ಕಂಬಳಿ ಧಾರಾಳ ಸಾಕು. ಚಳ್ಳಕೆರೆ ಕುರಿ ಕಂಬಳಿ ಸಿಕ್ಕರೆ ಒಂದೇ ಸಾಕು. ಚುಚ್ಚುತ್ತದೆ, ಆದರೆ ಕಿಡಿ ಬಿದ್ದರೆ ನೈಲಾನಿನಂತೆ ಕರಗಿ ಮೈಗೆ ಅಂಟುವುದಿಲ್ಲ. ಇದೇ ಕಾರಣಕ್ಕೆ ಒಲೆ ಹತ್ತಿರ ಮಕ್ಕಳಿಗೆ ಹತ್ತಿ ಬಟ್ಟೆ ಹಾಕಿ. ಟೆಂಟ್ ಒಲೆಯಿಂದ ಹದಿನೈದು ಇಪ್ಪತ್ತು ಅಡಿ ದೂರ, ಗಾಳಿ ಬರುವ ಕಡೆ ಇರಲಿ.

ಸುಟ್ಟುಕೊಂಡರೆ ಪೇಸ್ಟ್, ಅರಿಶಿನ, ಮಸಿ ಏನೂ ಹಚ್ಚದೆ 20 ನಿಮಿಷ ತಣ್ಣೀರು ಸುರಿಯುತ್ತಾ ಇರಿ. ಅದಕ್ಕಾಗಿಯೇ ಇನ್ನೊಂದು ಇಪ್ಪತ್ತು ಲೀಟರ್ ಕ್ಯಾನ್ ಹೆಚ್ಚಿಗೆ ಒಯ್ಯಿರಿ. ಚೇಳು ಕಚ್ಚಿದರೆ, ಅದರಲ್ಲೂ ಮಕ್ಕಳಿಗೆ, ಮಂತ್ರ ಗಿಂತ್ರ ಅಂತ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಹೆದರಬೇಕಾಗಿಲ್ಲದ್ದು ದೆವ್ವಕ್ಕೆ.

ದಾವಣಗೆರೆಯಿಂದ, ಕೇಳಿದವಳು

ಹೋಗಿ ಬಂದೆವು. ಹೊಳಲ್ಕೆರೆ ಕಡೆ ನಮ್ಮ ಮನೆಯವರ ಸಹೋದ್ಯೋಗಿಯ ಹೊಲ, ಮೆಕ್ಕೆಜೋಳ ಕೊಯ್ದು ಖಾಲಿ ಬಿದ್ದಿತ್ತು. ಮೊದಲ ಸಂಜೆ ಜಗಳೂರಿನವರ ಮಾತು ಕೇಳಿ ಬರೀ ಶೇಂಗಾ, ಗೆಣಸು, ಮನೆಯ ರೊಟ್ಟಿ. ಗೆಣಸನ್ನು ನಿಜವಾಗಿಯೂ ಮರೆತುಬಿಟ್ಟೆವು, ಮರುದಿನ ಬೂದಿ ಕೆದಕುವಾಗ ಸಿಕ್ಕಿತು. ದೊಡ್ಡವನು ಅದನ್ನೂ ತಿಂದ.

ಎರಡನೇ ದಿನ ಅನ್ನ ಆಯಿತು! ತೆರೆದು ನೋಡುವ ಆಸೆಯನ್ನು ಹೇಗೆ ತಡೆದುಕೊಂಡೆ ಅಂತ ನನಗೇ ಗೊತ್ತು. ತಮ್ಮ ನನ್ನ ಕೈ ಹಿಡಿದುಕೊಂಡೇ ಕೂತಿದ್ದ. ತಳದಲ್ಲಿ ತೆಳ್ಳಗೆ ಕೆಂಪಗೆ ಹತ್ತಿದ ಅನ್ನಕ್ಕೆ ಮಕ್ಕಳಿಬ್ಬರೂ ಜಗಳ. ಹೊಲದ ಯಜಮಾನರು, ಅವರ ಹೆಂಡತಿ ಊಟಕ್ಕೆ ಬಂದರು. ಆಕೆ ಬರುವಾಗಲೇ ಒಂದು ಪಾತ್ರೆ ಅವರೆಕಾಳು ಸಾರು ತಂದಿದ್ದರು, ನಮ್ಮ ಮೇಲೆ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. ಬದನೆಕಾಯಿ ತಿಂದು ಸುಮ್ಮನಾದರು. ಊಟ ಮುಗಿದ ಮೇಲೆ ಒಂದೂವರೆ ಗಂಟೆ ಯಾರೂ ಏಳಲಿಲ್ಲ. ನಮ್ಮ ಮನೆಯವರು ನಾನು ಹದಿನಾಲ್ಕು ವರ್ಷದಲ್ಲಿ ಕೇಳಿರದ ಹಾಸ್ಟೆಲ್ ಕಥೆ ಹೇಳಿದರು. ಚನ್ನಗಿರಿಯ ಅಕ್ಕಾ, ನಿಮ್ಮ ಮಾವನವರು ನೆನಪಾದರು.

ಒಂದೇ ನಷ್ಟ. ಬಳ್ಳಾರಿ ಜಾಲಿ ಮುಳ್ಳು ಟೆಂಟಿನ ತಳ ತೂರಿ ಮೂರು ಕಡೆ ತೂತು. ಅದಕ್ಕೆ ಯಾವ ತೇಪೆ ಹಿಡಿಯುತ್ತದೆ, ಗೊತ್ತಿದ್ದವರು ಹೇಳಿ. ಸೀತನಿ ಹೊತ್ತಿಗೆ ರೆಡಿ ಆಗಬೇಕು.